ಗೌಳಿದಡ್ಡಿಯ ಪಿಕಪ್ಪನ್ನು ಏರು ಹತ್ತಿಸಿದ್ದು

ದಾಂಡೇಲಿಯಲ್ಲಿ ಡೀಸೆಲ್ ಗಾಡಿಗಳ ಹೊಟ್ಟೆಯಡಿ ಮಲಗಿಯೇ ನನ್ನ ಆಯುಷ್ಯದ ಬಹುಪಾಲು ಕಳೆಯಿತು. ಮೊಣಕಾಲುಗಳು ಇನ್ನು ಆಗುವುದಿಲ್ಲ ಎಂದು ಹಟ ಹಿಡಿದ ಮೇಲೆ ಗ್ಯಾರೇಜನ್ನು ಬೇರೆಯವರ ಕೈಗೊಪ್ಪಿಸಿ ಹಳಿಯಾಳದ ಮನೆಗೆ ಬಂದು ಕೂತಿದ್ದೇನೆ. ಕೈ ಸುಮ್ಮನಾದರೂ ಬಾಯಿ ಸುಮ್ಮನಾಗಲಿಲ್ಲ. ಐಟಿಐ ಮುಗಿಸಿದವರು ಆಗಾಗ ಬಂದು, "ಕಾಕಾ, ಹಳೇ ಗಾಡಿ ಬಂದ್ರ ಎಲ್ಲಿಂದ ಶುರು ಮಾಡೂದು?" ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಗಂಟಲು ಒಣಗಿಸಿಕೊಳ್ಳುವುದಕ್ಕಿಂತ ಒಮ್ಮೆ ಬರೆದಿಟ್ಟರೆ ವಾಸಿ ಎನಿಸಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಳೇ ಡೀಸೆಲ್ ಗಾಡಿಯ ವಿಷಯದಲ್ಲಿ ನನ್ನ ಹತ್ತಿರ ವಿನಯ ಹುಡುಕಬೇಡಿ. ರಸ್ತೆಯ ತಿರುವಿನಲ್ಲಿ ಬರುವ ಸದ್ದು ಕೇಳಿಯೇ ಯಾವ ಗಾಡಿಗೆ ಡೀಸೆಲ್ ಸರಿಯಾಗಿ ಸಿಗುತ್ತಿಲ್ಲ ಎಂದು ಹೇಳುತ್ತಿದ್ದೆ. ಹಾಗೆ ಹೇಳಿದ್ದು ತಪ್ಪಿದ್ದು ಬಹಳ ಕಡಿಮೆ. ತಪ್ಪಿದಾಗ ಮಾತ್ರ ಊರಿಗೆಲ್ಲ ಗೊತ್ತಾಗುತ್ತಿತ್ತು, ಅದು ಬೇರೆ ಮಾತು.

ನನಗೆ ಕೆಲಸ ಕಲಿಸಿದವರು ಖಾದರ್ ಉಸ್ತಾದರು. ಅಂಗಿಗೆ ಕಲೆ ಹತ್ತಿಸಿಕೊಳ್ಳದೆ ಇಂಜಿನ್ ಇಳಿಸುತ್ತಿದ್ದ ಮನುಷ್ಯ. ಸಿಟ್ಟು ಬಂದರೆ ಬೈಯುತ್ತಿರಲಿಲ್ಲ, ಚಹಾ ತರಿಸಿ ತಾವೊಬ್ಬರೇ ಕುಡಿಯುತ್ತಿದ್ದರು. ಅದಕ್ಕಿಂತ ಬೈಗುಳವೇ ಮೇಲಿತ್ತು.

ನಾನು ಸ್ವಲ್ಪ ಪಳಗಿದ್ದೇನೆ ಎಂದುಕೊಂಡಿದ್ದ ಕಾಲದಲ್ಲಿ ಕ್ಯಾಸಲ್‌ರಾಕ್ ಕಡೆಯ ಜೀಪೊಂದು ಬಂತು. ಸ್ವಲ್ಪ ದೂರ ಚೆನ್ನಾಗಿ ಓಡುತ್ತದೆ, ಆಮೇಲೆ ಉಸಿರುಕಟ್ಟಿ ನಿಲ್ಲುತ್ತದೆ. ನಾನು ಪಂಪು ಬಿಚ್ಚಿದೆ, ನಾಜಲ್ ಬಿಚ್ಚಿದೆ, ಬೆಂಚಿನ ಮೇಲೆ ಜಾತ್ರೆಯ ಅಂಗಡಿಯಂತೆ ಎಲ್ಲ ಹರಡಿಕೊಂಡು ಕೂತೆ. ಮತ್ತೆ ಜೋಡಿಸಿದೆ, ಮತ್ತೆ ನಿಂತಿತು. ಉಸ್ತಾದರು ಎದ್ದು ಬಂದು ಡೀಸೆಲ್ ಟಾಕಿಯ ಮುಚ್ಚಳ ತಿರುವಿದರು. ಬುಸ್ ಎಂದು ಗಾಳಿ ಒಳಗೆ ನುಗ್ಗಿತು. ಮಳೆಯ ನೀರು ಹೋಗಬಾರದೆಂದು ಮಾಲಕ ಬೇರೆ ಯಾವುದೋ ಮುಚ್ಚಳಕ್ಕೆ ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿ ಬಿಗಿದಿದ್ದ. ಡೀಸೆಲ್ ಹೋದಷ್ಟು ಗಾಳಿ ಒಳಗೆ ಬರದಿದ್ದರೆ ಟಾಕಿ ಡೀಸೆಲ್ ಬಿಟ್ಟುಕೊಡುವುದಿಲ್ಲ.

"ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರೆ ಹಾಕಿದಿ ನೋಡ್ ಬೇಟಾ," ಎಂದರು ಉಸ್ತಾದರು. "ಡೀಸೆಲ್ ಎಲ್ಲಿಂದ ಹೊಂಡ್ತದೋ ಅಲ್ಲಿಂದ ಅದರ ಜೋಡಿ ನಡೀ. ಟಾಕಿಯಿಂದ ನಡೀ." ಅಂದು ಅವರು ಚಹಾ ಒಬ್ಬರೇ ಕುಡಿದರು.

ಅವತ್ತಿನಿಂದ ನಾನು ಟಾಕಿಯಿಂದಲೇ ನಡೆಯುತ್ತ ಬಂದೆ. ಆದರೆ ಟಾಕಿಗಿಂತ ಹಿಂದಕ್ಕೂ ನಡೆಯಬೇಕು ಎಂದು ಗೊತ್ತಾಗಲು ಜೋಯಿಡಾ ಕಡೆಯ ಒಂದು ಗೌಳಿದಡ್ಡಿಗೆ ಹೋಗಬೇಕಾಯಿತು. ಇದೇನೂ ಬಹಳ ಹಳೆಯ ಮಾತಲ್ಲ, ನಾನು ಗ್ಯಾರೇಜು ಬಿಡುವ ಸ್ವಲ್ಪ ಮೊದಲು ನಡೆದದ್ದು.

ನಮ್ಮ ಕಡೆ ಎಮ್ಮೆ ಕಟ್ಟಿಕೊಂಡಿರುವ ಗೌಳಿಗರ ಕೇರಿಗೆ ದಡ್ಡಿ ಎನ್ನುತ್ತಾರೆ. ಕಾಡಿನೊಳಗಿನ ಅಂಥದೊಂದು ದಡ್ಡಿಯಿಂದ ಧೋಂಡು ಎಂಬವನು ದಿನಾ ಮುಂಜಾನೆ ಎಲ್ಲರ ಮನೆಯ ಹಾಲು ತುಂಬಿಕೊಂಡು ದಾಂಡೇಲಿಯ ಡೇರಿಗೆ ಬರುತ್ತಿದ್ದ. ಗಾಡಿ ಹಳೆಯ ಪಿಕಪ್. ಬಾಗಿಲಿನ ಬಣ್ಣ ಒಂದು, ಮೂತಿಯ ಬಣ್ಣ ಇನ್ನೊಂದು. ಆದರೆ ಇಂಜಿನ್ ಮಾತ್ರ ಬಂಗಾರ, ನಾನೇ ಹಿಂದೊಮ್ಮೆ ಕಟ್ಟಿದ್ದು. ದಡ್ಡಿಯಿಂದ ಡಾಂಬರು ರಸ್ತೆಗೆ ಬರುವ ದಾರಿಯಲ್ಲಿ ಒಂದು ಉದ್ದ ಏರು ಇದೆ. ಆ ಏರಿನ ನಡುವೆ ಗಾಡಿ ಕೆಮ್ಮಿ ಕೆಮ್ಮಿ ನಿಲ್ಲತೊಡಗಿತು. ಸ್ವಲ್ಪ ಹೊತ್ತು ಬಿಟ್ಟು ಕೀಲಿ ತಿರುವಿದರೆ ಏನೂ ಆಗಿಲ್ಲವೆಂಬಂತೆ ಶುರು. ನಾಲ್ಕು ಮಾರು ಹೋಗಿ ಮತ್ತೆ ಬಂದ್. ಅಷ್ಟರಲ್ಲಿ ಬಿಸಿಲೇರಿ ಹಾಲು ಒಡೆಯುತ್ತಿತ್ತು. ಡೇರಿಯವರು ವಾಪಸು ಕಳಿಸುತ್ತಿದ್ದರು.

ಬೇರೆ ಕಡೆ ಫಿಲ್ಟರ್ ಬದಲಿಸಿ, ಪಂಪು ಬಿಚ್ಚಿಸಿ ಸೋತು ಧೋಂಡು ನನ್ನ ಹತ್ತಿರ ಬಂದ. "ಮಿಸ್ತ್ರಿ, ಪಂಪ್ ಹೋಗೈತಿ ಅಂತಾರ. ಖರೇನ?" ಎಂದು ಕೇಳಿದ.

"ಪಂಪ್ ಹೋಗಿದ್ರ ಸಪಾಟ್ ರಸ್ತೆದಾಗೂ ಅಳ್ತಿತ್ತು. ಏರಿನಾಗಷ್ಟ ಅಳ್ತೈತಿ, ನಿಲ್ಸಿದ್ರ ಸಮಾಧಾನ ಆಗ್ತೈತಿ. ಇದು ಟಾಕಿಯ ಆಟ," ಎಂದೆ.

ಹೊಸಬರು ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ನಿಂತು, ತುಸು ಹೊತ್ತಿಗೆ ತಾನೇ ಸರಿಹೋಗುವ ಗಾಡಿಯಲ್ಲಿ ಯಾವುದೋ ಕಸ ಡೀಸೆಲ್ ಎಳೆಯುವ ಪೈಪಿನ ಬಾಯಿಗೆ ಹೋಗಿ ಅಂಟುತ್ತಿರುತ್ತದೆ. ಎಳೆತ ನಿಂತ ಕೂಡಲೇ ಬಿಟ್ಟು ಬೀಳುತ್ತದೆ. ಇದನ್ನು ಖಾತ್ರಿ ಮಾಡಿಕೊಳ್ಳಲು ಉಸ್ತಾದರ ಉಪಾಯವೊಂದಿದೆ. ಕ್ಯಾಬಿನ್ನಿನಲ್ಲಿ ಶುದ್ಧ ಡೀಸೆಲ್ಲಿನ ಡಬ್ಬಿಯೊಂದನ್ನು ಭದ್ರವಾಗಿ ಕಟ್ಟಿ, ಅದರಿಂದ ನೇರವಾಗಿ ಫಿಲ್ಟರಿಗೆ ಪೈಪು ಕೊಡುವುದು. ಟಾಕಿಯನ್ನು ಲೆಕ್ಕದಿಂದಲೇ ಬಿಡುವುದು. ಇಂಜಿನ್ನಿನಿಂದ ವಾಪಸು ಬರುವ ಪೈಪನ್ನೂ ಡಬ್ಬಿಗೇ ಬಿಡಬೇಕು. ಮರೆತರೆ ಡಬ್ಬಿಯ ಡೀಸೆಲ್ಲೆಲ್ಲ ಟಾಕಿಗೆ ಹೋಗಿ ನೀವು ಕಾಡಿನಲ್ಲಿ ಉಳಿಯುತ್ತೀರಿ. ಹಾಗೆ ಉಳಿದವರು ನನಗೆ ಗೊತ್ತು, ಹೆಸರು ಬೇಡ.

ಡಬ್ಬಿ ಕಟ್ಟಿಕೊಂಡು ಅದೇ ಏರಿಗೆ ಹೋದೆವು. ಗಾಡಿ ಒಂದೇ ಉಸಿರಿಗೆ ಹತ್ತಿತು. ಧೋಂಡುವಿನ ಮುಖ ಅರಳಿತು. ವಾಪಸು ಬಂದು ಟಾಕಿ ಇಳಿಸಿದೆ. ತಳದಲ್ಲಿ ಕಪ್ಪು ಲೋಳೆ, ಕೈಗೆ ಜಾರುವಂಥದ್ದು. ಪೈಪಿನ ಬಾಯಿಯ ಜಾಲರಿಗೆ ಅದೇ ಮೆತ್ತಿಕೊಂಡಿತ್ತು. ಡೀಸೆಲ್ಲಿನಲ್ಲಿ ನೀರು ಸೇರಿ ಬಹಳ ದಿನ ಉಳಿದರೆ, ನೀರು ತಳಕ್ಕೆ ಕೂತು, ಎರಡೂ ಕೂಡುವಲ್ಲಿ ಪಾಚಿಯಂತೆ ಇದು ಬೆಳೆಯುತ್ತದೆ. ನಮ್ಮ ಕಾಡಿನ ಥಂಡಿಗೆ ಟಾಕಿಯ ಗೋಡೆ ಬೆವರಿ ಸ್ವಲ್ಪ ನೀರು ಆಗುವುದುಂಟು. ಆದರೆ ಇದು ಸ್ವಲ್ಪವಲ್ಲ. ಒಂದು ಗಾಜಿನ ಬಾಟಲಿಗೆ ತಳದ್ದನ್ನು ಸುರಿದು ತೋರಿಸಿದೆ. ಕೆಳಗೆ ನೀರು, ಮೇಲೆ ಡೀಸೆಲ್, ನಡುವೆ ಕಪ್ಪು ಗೆರೆ.

"ಡೀಸೆಲ್ ಎಲ್ಲಿಂದ ತರ್ತಿ?"

"ಪೇಟಿ ಬಂಕಿನಿಂದನ ಮಿಸ್ತ್ರಿ. ಬ್ಯಾರೆ ಎಲ್ಲೂ ಇಲ್ಲ."

ಅದೇ ಬಂಕಿನಿಂದ ಅರ್ಧ ದಾಂಡೇಲಿ ಡೀಸೆಲ್ ಹಾಕಿಸುತ್ತದೆ, ಬೇರೆ ಯಾರಿಗೂ ಹೀಗಾಗಿಲ್ಲ. ನಾನು ಬಾಟಲಿಯನ್ನು ಬೆಳಕಿಗೆ ಹಿಡಿದು ದೊಡ್ಡ ಪಂಡಿತನಂತೆ ಹೇಳಿದೆ: "ಇಷ್ಟ್ ನೀರು ತಾನಾಗಿ ಬರೂದಿಲ್ಲ ಧೋಂಡು. ಯಾರೋ ಹಾಕ್ಯಾರ."

ಟಾಕಿ ತೊಳೆದು, ಒಣಗಿಸಿ, ಪೈಪುಗಳಿಗೆ ಗಾಳಿ ಹೊಡೆದು, ಹೊಸ ಫಿಲ್ಟರ್ ಕೂರಿಸಿ, ಕೈಪಂಪು ಒತ್ತಿ ಒತ್ತಿ ಒಳಗೆ ಉಳಿದ ಗಾಳಿ ತೆಗೆದು ಗಾಡಿ ಕೊಟ್ಟೆ. ಹೋಗುವಾಗ ಧೋಂಡು ಆ ಬಾಟಲಿಯನ್ನೂ ಬೇಡಿಕೊಂಡು ಹೋದ. ಯಾಕೆಂದು ನಾನು ಕೇಳಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ನನ್ನ ಮಾತು ಆ ಬಾಟಲಿಯ ಜೊತೆಗೇ ದಡ್ಡಿಗೆ ಹೋಗಿತ್ತು.

ಮಳೆಗಾಲ ಕಳೆಯುವ ಹೊತ್ತಿಗೆ ಗಾಡಿ ಮತ್ತೆ ನನ್ನ ಗ್ಯಾರೇಜಿನ ಮುಂದೆ ಬಂತು, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿಕೊಂಡು. ಅದೇ ಏರು, ಅದೇ ಕೆಮ್ಮು. ನನ್ನ ಕಿವಿ ಬಿಸಿಯಾಯಿತು. ನಾನು ಮಾಡಿದ ಗಾಡಿ ಅದೇ ರೋಗಕ್ಕೆ ಮರಳಿ ಬರುವುದೆಂದರೆ ಮುಖಕ್ಕೆ ಹೊಡೆದಂತೆ. ಆದರೆ ಧೋಂಡು ಹೇಳಿದ್ದು ಕೇಳಿ ನನ್ನ ಮರ್ಯಾದೆಯ ಮಾತು ಹಿಂದಕ್ಕೆ ಬಿತ್ತು.

ದಡ್ಡಿಯಲ್ಲಿ ಬಾಡಿಗೆ ಎಂದು ಯಾರೂ ರೊಕ್ಕ ಕೊಡುವುದಿಲ್ಲವಂತೆ. ಅದರ ಬದಲು ಪಾಳಿಯ ಮೇಲೆ ಒಂದೊಂದು ಮನೆಯವರು ಗಾಡಿಗೆ ಒಂದು ಡಬ್ಬಿ ಡೀಸೆಲ್ ತಂದು ಹಾಕುತ್ತಾರೆ. ಡಬ್ಬಿ ಒಂದೇ, ಮನೆಯಿಂದ ಮನೆಗೆ ದಾಟುತ್ತದೆ. ಬಾಟಲಿ ನೋಡಿದ ಧೋಂಡು, ಹಿಂದಿನ ಪಾಳಿ ಯಾರದಿತ್ತು ಎಂದು ಲೆಕ್ಕ ಹಾಕಿದ. ಅವನ ಚಿಕ್ಕಪ್ಪನ ಮಗ ವಿಠೂನದು. ಎಲ್ಲರ ಮುಂದೆ ಬಾಟಲಿ ಹಿಡಿದು, "ಅರ್ಧ ಡೀಸೆಲ್ ಮಾರಿಕೊಂಡು ನೀರು ಬೆರೆಸೀದಿ," ಎಂದುಬಿಟ್ಟ.

ಹಾಲಿನವನಿಗೆ ನೀರು ಬೆರೆಸಿದೆ ಎನ್ನುವುದಕ್ಕಿಂತ ದೊಡ್ಡ ಬೈಗುಳ ಇಲ್ಲ. ಅಪ್ಪನಿಗೆ ಬೈದರೂ ಸಹಿಸಿಯಾನು, ಇದನ್ನು ಸಹಿಸಲಾರ. ವಿಠೂ ಆ ದಿನದಿಂದ ಧೋಂಡುವಿನ ಗಾಡಿಗೆ ಹಾಲು ಹಾಕುವುದು ಬಿಟ್ಟ. ಅವನ ಹಿಂದೆ ಅರ್ಧ ದಡ್ಡಿ ಬಿಟ್ಟಿತು. ಡೇರಿಯವನು, ಇಷ್ಟು ಕಡಿಮೆ ಹಾಲಾದರೆ, ಅದೂ ಹೊತ್ತಿಗೆ ಬರದಿದ್ದರೆ, ಆ ಕಡೆಯ ಹಾಲು ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತೇನೆ ಎಂದಿದ್ದ.

"ಹಾಲು ಹೋಗೂ ಜಾಗಾ ಇಲ್ಲಂದ್ರ ಎಮ್ಮಿ ಇಟ್ಕೊಂಡು ಏನ್ ಮಾಡೂದ್ರಿ ಮಿಸ್ತ್ರಿ? ಇಬ್ಬರು ಆಗಲೇ ಮುಂಡಗೋಡ ಸಂತಿಗೆ ಹೊಡ್ಕೊಂಡು ಹೋಗ್ತೇವಿ ಅನ್ನಾಕ ಹತ್ಯಾರ," ಎಂದ ಧೋಂಡು. "ನೀವ ಹೇಳಿದ್ರಿ, ಯಾರೋ ಹಾಕ್ಯಾರ ಅಂತ."

"ವಿಠೂ ಡೀಸೆಲ್ ಹಾಕೂದು ಬಿಟ್ಟಾನ?"

"ಅಂದಿನಿಂದ ಹಾಕಿಲ್ಲ."

ಅವನು ಹಾಕದಿದ್ದರೂ ಟಾಕಿಯಲ್ಲಿ ಮತ್ತೆ ನೀರು! ನನಗೆ ಆಗಲೇ ಗೊತ್ತಾಯಿತು, ಕಳ್ಳ ವಿಠೂ ಅಲ್ಲ. ಹಾಗೆಂದು ಧೋಂಡುವಿಗೆ ಹೇಳಿದೆ. ಅವನು ತಲೆ ಅಲ್ಲಾಡಿಸಿದ, ನಂಬಲಿಲ್ಲ. ಬಾಯಿಮಾತಿನಿಂದ ಹಚ್ಚಿದ ಬೆಂಕಿ ಬಾಯಿಮಾತಿನಿಂದ ಆರುವುದಿಲ್ಲ. ಟಾಕಿ ಮತ್ತೆ ಇಳಿಸಿ ತೊಳೆದೆ, ಆದರೆ ಗಾಡಿಯ ಜೊತೆ ನಾನೂ ಹೊರಟೆ. "ನಿಮ್ಮ ಡೀಸೆಲ್ ಹುಟ್ಟೂದು ಎಲ್ಲಿ ಅಂತ ನೋಡ್ಬೇಕು ನಾ," ಎಂದೆ.

ಮರುದಿನ ಬೆಳಗಾದಾಗ ನಾನು ದಡ್ಡಿಯಲ್ಲಿದ್ದೆ. ಅಂಗಳಗಳೆಲ್ಲ ಸಾರಿಸಿ ಸ್ವಚ್ಛ. ಸಾಲಾಗಿ ಬೋರಲು ಹಾಕಿದ ಹಾಲಿನ ಕ್ಯಾನುಗಳು ಹೊಳೆಯುತ್ತಿದ್ದವು. ನನ್ನ ಕೈಯುಗುರು ನೋಡಿ ಧೋಂಡುವಿನ ತಾಯಿ ಸಗೂಬಾಯಿ ಮೊದಲು ಬಚ್ಚಲ ತೋರಿಸಿದಳು, ಆಮೇಲೆ ಚಹಾ ಕೊಟ್ಟಳು. ದಡ್ಡಿಗೆಲ್ಲ ಆಕೆಯೇ ಹಿರಿಯಳು, ಎಲ್ಲರಿಗೂ ಆಯಿ. "ನಮ್ಮ ದಡ್ಡಿ ಹಾಲು ವಾಸನಿ ಬಂತಂತ ಒಂದ್ ದಿನಾನೂ ವಾಪಸ್ ಬಂದಿಲ್ಲ ನೋಡ್ರಿ. ಗಾಡಿ ಕೆಟ್ಟು ಬಂದೈತಿ, ನಾವು ಕೆಟ್ಟು ಬಂದಿಲ್ಲ," ಎಂದಳು. ಆ ಹೆಮ್ಮೆ ನನಗೆ ಹಿಡಿಸಿತು. ನನ್ನಂಥದೇ ಹೆಮ್ಮೆ.

ಆ ದಿನ ಪಾಳಿ ಪಕ್ಕದ ಮನೆಯದು. ಆ ಮನೆಯವನು ಹಿಂದಿನ ದಿನ ಪೇಟೆಯಿಂದ ತುಂಬಿಸಿ ತಂದಿದ್ದ ಡಬ್ಬಿಯನ್ನು ಎತ್ತಿ ತಂದ. ನಾನು ತಡೆದು, ತಳದ ಡೀಸೆಲ್ ಕೊಳವೆಯಿಂದ ಎಳೆದು ಬಾಟಲಿಗೆ ಬಿಟ್ಟೆ. ಕೆಳಗೆ ನೀರು ಕೂತಿತು. ಆ ಮನೆಯವನ ಮುಖ ಬಿಳಿಚಿಕೊಂಡಿತು. "ದೇವರಾಣಿ, ಬಂಕಿನಾಗ ತುಂಬಿಸಿ ಸೀದಾ ತಂದೇನಿ," ಎಂದ. ನಾನು ಏನೂ ಅನ್ನಲಿಲ್ಲ. ಒಮ್ಮೆ ಬಾಯಿಬಿಟ್ಟು ಆಗಿತ್ತಲ್ಲ. ಮೇಲಿನ ಒಳ್ಳೆಯ ಡೀಸೆಲ್ಲನ್ನಷ್ಟೇ ಗಾಡಿಗೆ ಹಾಕಿಸಿ, ಖಾಲಿ ಡಬ್ಬಿ ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತ ಕೂತೆ.

ಅವನ ಹೆಂಡತಿ ಡಬ್ಬಿ ತೆಗೆದುಕೊಂಡು ಹೋದಳು. ಬಿಸಿನೀರು, ಸೀಗೆಪುಡಿ ಹಾಕಿ ಕುಲುಕಿ ಕುಲುಕಿ ತೊಳೆದಳು. ಬೋರಲು ಹಾಕಿ ನೀರು ಬಸಿದಳು. ಹಾಲಿನ ಕ್ಯಾನನ್ನು ಹೇಗೆ ತೊಳೆಯುವರೋ ಹಾಗೆಯೇ. ಆಮೇಲೆ ನೆಟ್ಟಗೆ ನಿಂತು, ತಂಬಿಗೆಯಿಂದ ಅಂಗೈಗೆ ನೀರು ಬಗ್ಗಿಸಿಕೊಂಡು ಡಬ್ಬಿಯ ಬಾಯಿಯೊಳಗೆ ಬಿಟ್ಟು, ಮುಚ್ಚಳ ಹಾಕಿ, ಮುಂದಿನ ಪಾಳಿಯವರ ಮನೆಯ ಕಡೆ ಹೊರಟಳು.

"ನಿಲ್ಲವಾ!" ಎಂದು ನಾನು ಕೂಗಿದ್ದಕ್ಕೆ ಎರಡು ಎಮ್ಮೆಗಳು ಹಗ್ಗ ಜಗ್ಗಿದವು. ದಡ್ಡಿಯವರೆಲ್ಲ ಬಂದು ಸುತ್ತ ನಿಂತರು. ವಿಠೂ ಕೂಡ ತನ್ನ ಕಟ್ಟೆಯಿಂದ ಇಳಿದು ಬಂದ, ದೂರವೇ ನಿಂತ.

"ಆ ನೀರು ಯಾಕ ಬಿಟ್ಟಿ?" ಎಂದು ಕೇಳಿದೆ.

ಆ ಹೆಣ್ಣುಮಗಳು ಕಣ್ಣು ಬಿಟ್ಟು ನೋಡಿದಳು. ಇದನ್ನೂ ಕೇಳುತ್ತಾರೆಯೇ ಎನ್ನುವಂತೆ ಸಗೂಬಾಯಿಯ ಕಡೆ ತಿರುಗಿದಳು. ಸಗೂಬಾಯಿಯೇ ಉತ್ತರ ಕೊಟ್ಟಳು: "ಬರೇ ಡಬ್ಬಿ ಹೆಂಗ ಕೊಡೂದ್ರಿ? ಒಬ್ಬರ ಮನಿ ಭಾಂಡೆ ವಾಪಸ್ ಕೊಡೂವಾಗ ತೊಳದು ಅಂಗೈ ನೀರು ಬಿಟ್ಟ ಕೊಡಬೇಕು. ಒಣಾ ಭಾಂಡೆ ಕೊಟ್ರ ಆ ಮನಿ ಹಾಲು ಬತ್ತತೈತಿ. ನಮ್ಮತ್ತಿ ನನಗ ಹೇಳಿದ್ದು, ನಾ ಇವರಿಗೆಲ್ಲ ಹೇಳಿದ್ದು."

"ಎಲ್ಲಾ ಮನಿಯವರೂ ಬಿಡ್ತೀರೇನು?"

"ಬಿಡದ ಮತ್ತ?" ಎಂದು ನಾಲ್ಕೈದು ಹೆಂಗಸರು ಒಟ್ಟಿಗೇ ಹೇಳಿದರು.

ನಾನು ಬಾಟಲಿ ಎತ್ತಿ ಹಿಡಿದೆ. ಹಿಂದಿನ ಸಲದ ಹಾಗೆ ಪಂಡಿತನಂತೆ ಅಲ್ಲ. ಡಬ್ಬಿಯ ಗೋಡೆಗೆ ಉಳಿದ ತೊಳೆದ ನೀರು, ಅದರ ಮೇಲೆ ಈ ಅಂಗೈ ನೀರು. ಅದರ ಮೇಲೆ ಡೀಸೆಲ್ ತುಂಬಿಸಿದರೆ ನೀರು ತಳದಲ್ಲೇ ಕೂರುತ್ತದೆ. ಪಾಳಿ ಪಾಳಿಗೂ ಒಂದೊಂದು ಅಂಗೈ ಟಾಕಿಗೆ ಹೋಗಿ ಸೇರುತ್ತದೆ. ಅದರಲ್ಲೇ ಆ ಕಪ್ಪು ಲೋಳೆ ಹುಟ್ಟುತ್ತದೆ. ಏರಿನಲ್ಲಿ ಗಾಡಿ ಮೂತಿ ಎತ್ತಿದಾಗ ಅದೆಲ್ಲ ಜರುಗಿ ಪೈಪಿನ ಬಾಯಿಗೆ ಬಂದು ಕೂರುತ್ತದೆ. ಇದನ್ನು ನಿಧಾನವಾಗಿ ಹೇಳಿದೆ.

ಸಗೂಬಾಯಿ ಬಾಟಲಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಎಲ್ಲರನ್ನೂ ದಾಟಿಕೊಂಡು ವಿಠೂನ ಮುಂದೆ ಹೋಗಿ ನಿಂತಳು.

"ವಿಠೂ, ನೀರು ಹಾಕಿದಾಕಿ ನಾನು," ಎಂದಳು.

ವಿಠೂ ತಲೆ ಎತ್ತಲಿಲ್ಲ. ದೊಡ್ಡ ಮೀಸೆಯ ಗಂಡಸು, ಚಿಕ್ಕ ಹುಡುಗನ ಹಾಗೆ ತುಟಿ ಕಚ್ಚಿಕೊಂಡ. "ಆಯಿ, ನೀ ಯಾಕ..." ಎಂದ. ಧೋಂಡು ಮುಂದೆ ಬಂದ. ಕ್ಷಮೆ ಕೇಳುವ ಮಾತು ಅವರಲ್ಲಿ ಇಲ್ಲವೋ ಏನೋ, ವಿಠೂನ ಕಟ್ಟೆಯ ಮೇಲಿದ್ದ ಹಾಲಿನ ಕ್ಯಾನನ್ನು ಕೇಳದೆಯೇ ಎತ್ತಿ ಹೆಗಲಿಗಿಟ್ಟುಕೊಂಡು ಹೋಗಿ ಗಾಡಿಗೆ ಹಾಕಿದ. ವಿಠೂ ತಡೆಯಲಿಲ್ಲ. ನನ್ನ ಕಣ್ಣೂ ಒದ್ದೆಯಾಯಿತು, ಡೀಸೆಲ್ ವಾಸನೆಗೆ ಎಂದು ಹೇಳುವುದಿಲ್ಲ.

ಎಲ್ಲ ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ. "ಇನ್ನ ಮ್ಯಾಲೆ ಡಬ್ಬಿ ತೊಳೀಬ್ಯಾಡ್ರಿ, ನೀರು ತೋರಸಬ್ಯಾಡ್ರಿ," ಎಂದು ನಾನು ಹೇಳಿದಾಗ ಹೆಂಗಸರು ಮುಖ ಮುಖ ನೋಡಿಕೊಂಡರು. ತೊಳೆಯುವುದು ಬಿಡಬಹುದು, ಕೊಳಕು ಡಬ್ಬಿಯನ್ನು ಮನೆಯ ಹೊರಗೇ ಇಡಬಹುದು. ಒಣ ಡಬ್ಬಿಯನ್ನು ಮತ್ತೊಬ್ಬರ ಮನೆಗೆ ಕೊಡುವುದು ಹೇಗೆ? ನಾಳೆ ಯಾರದೋ ಎಮ್ಮೆ ಹಾಲು ಕಡಿಮೆ ಕೊಟ್ಟರೆ ಮತ್ತೆ ಜಗಳ. ನನ್ನ ಪಾನಾ, ಸ್ಕ್ರೂಡ್ರೈವರುಗಳಲ್ಲಿ ಇದಕ್ಕೆ ಏನೂ ಇರಲಿಲ್ಲ.

ಸಗೂಬಾಯಿ ಡಬ್ಬಿ ತೊಳೆದ ಆ ಹೆಣ್ಣುಮಗಳ ಕೈಯಿಂದ ತಂಬಿಗೆ ಇಸಿದುಕೊಂಡು ಪಿಕಪ್ಪಿನ ಹತ್ತಿರ ಹೋದಳು. ಅಂಗೈಗೆ ನೀರು ಬಗ್ಗಿಸಿಕೊಂಡು ಮುಂದಿನ ಗಾಲಿಯ ಮೇಲೆ ಬಿಟ್ಟಳು. "ಮನಿಗೆ ಬಂದ ಎಮ್ಮಿ ಕಾಲಿಗೆ ನೀರು ಹಾಕ್ತೇವಿ. ಇದೂ ನಮ್ಮ ಹಾಲು ಹೊರೂದ ಐತಲ್ಲ, ಇದರ ಕಾಲಿಗೆ ಹಾಕೂಣು. ಪಾಳಿ ಯಾರದೋ ಅವರು ಹಾಕ್ರಿ. ಡಬ್ಬಿ ಒಣಾ ಹೋಗ್ಲಿ," ಎಂದಳು. ತಿರುಗಿ ನನ್ನನ್ನು ಕೇಳಿದಳು: "ಗಾಲಿಗೆ ನೀರು ನಡೀತೈತೇನ್ರಿ ಮಿಸ್ತ್ರಿ?"

"ಎಷ್ಟ್ ಬೇಕಾದ್ರೂ ನಡೀತೈತಿ ಆಯಿ," ಎಂದೆ. ಆ ಒಂದು ಮಾತಿಗೆ ನನಗೆ ಯಾವ ತಪಾಸಣೆಯೂ ಬೇಕಾಗಲಿಲ್ಲ.

ಆ ಮುಂಜಾನೆ ದಡ್ಡಿಯ ಎಲ್ಲ ಮನೆಯ ಹಾಲೂ ಗಾಡಿಯಲ್ಲಿತ್ತು. ಧೋಂಡು ಸ್ಟೇರಿಂಗ್ ಹಿಡಿದಿದ್ದ, ನಡುವೆ ನಾನು, ಬಾಗಿಲ ಪಕ್ಕ ವಿಠೂ. ಏರು ಬಂತು. ತುಂಬಿದ ಗಾಡಿ, ಮೂತಿ ಮೇಲೆ. ನನಗೆ ನನ್ನ ಕೆಲಸದ ಮೇಲೆ ಭರವಸೆ ಇತ್ತು, ಆದರೂ ಕಿವಿ ಇಂಜಿನ್ನಿಗೆ ಅಂಟಿಕೊಂಡಿತ್ತು. ಯಾವಾಗಲೂ ಕೆಮ್ಮುತ್ತಿದ್ದ ಮತ್ತಿಮರದ ತಿರುವು ದಾಟಿತು. ಧೋಂಡು ಗೇರ್ ಬದಲಿಸಲಿಲ್ಲ. ಅದೇ ಸದ್ದಿನಲ್ಲಿ ಗಾಡಿ ನೆತ್ತಿ ಮುಟ್ಟಿತು. ವಿಠೂ ಕಿಟಕಿಯಿಂದ ಹೊರಗೆ ನೋಡುತ್ತಲೇ, "ಧೋಂಡ್ಯಾ, ನಾಳಿ ಪಾಳಿ ನಂದು," ಎಂದ. ಡೇರಿಯಲ್ಲಿ ಕ್ಯಾನುಗಳ ಮುಚ್ಚಳ ತೆಗೆದು, ಮೂಸಿ, ಹಾಲಿನ ಗಟ್ಟಿತನದ ಡಿಗ್ರಿ ನೋಡಿ, ಎಲ್ಲವನ್ನೂ ಇಳಿಸಿಕೊಂಡರು. ಎಮ್ಮೆಗಳು ಮುಂಡಗೋಡಕ್ಕೆ ಹೋಗಲಿಲ್ಲ.

ಈಗಿನ ಗಾಡಿಗಳಲ್ಲಿ ಡೀಸೆಲ್ಲಿಗೆ ನೀರು ಬಂದರೆ ಡ್ರೈವರನ ಮುಂದೆ ಒಂದು ದೀಪ ಹತ್ತುತ್ತದೆ. ಯಂತ್ರ ಹಚ್ಚಿದರೆ ಪರದೆಯ ಮೇಲೆ ಯಾವ ಭಾಗಕ್ಕೆ ಏನಾಗಿದೆ ಎಂದು ಬರುತ್ತದೆ. ಒಳ್ಳೆಯದೇ, ನನ್ನ ಕಾಲದಲ್ಲಿ ಇದ್ದಿದ್ದರೆ ನಾನು ಬಾಯಿಂದ ಡೀಸೆಲ್ ಎಳೆದು ನುಂಗುವುದು ತಪ್ಪುತ್ತಿತ್ತು. ನೀವು ಆ ಯಂತ್ರವನ್ನು ಚೆನ್ನಾಗಿ ಕಲಿಯಿರಿ. ಆದರೆ ನೀರು ಬಂದಿದೆ ಎಂದು ಗೊತ್ತಾದ ಮೇಲೆ ಯಾರೋ ಹಾಕಿದ್ದಾರೆ ಎಂದು ಬಾಯಿ ಬಿಡುವ ಮೊದಲು ಒಮ್ಮೆ ಆ ಗಾಡಿಯ ಮನೆಗೆ ಹೋಗಿ ಬನ್ನಿ. ಚಹಾ ಸಿಗುತ್ತದೆ, ನಷ್ಟವೇನಿಲ್ಲ.

ಗ್ಯಾರೇಜು ಬಿಟ್ಟ ಮೇಲೆ ದಡ್ಡಿಯ ಕಡೆ ಹೋಗುವುದು ಆಗಲಿಲ್ಲ. ಕಳೆದ ದೀಪಾವಳಿ ಮುಗಿದ ಮೇಲೆ ವಿಠೂ ಹಳಿಯಾಳಕ್ಕೆ ಬಂದವನು ನನ್ನ ಮನೆ ಹುಡುಕಿಕೊಂಡು ಬಂದ. ಕೈಯಲ್ಲಿ ಸಗೂಬಾಯಿ ಕಳಿಸಿದ ಸ್ಟೀಲಿನ ಡಬ್ಬಿ, ಅದರ ತುಂಬ ಎಮ್ಮೆ ಹಾಲಿನ ಗಟ್ಟಿ ಮೊಸರು. "ಆಯಿ ಹೇಳ್ಯಾಳ, ಇದು ಡೀಸೆಲ್ ಡಬ್ಬಿ ಅಲ್ಲ, ಮಿಸ್ತ್ರಿ ಉಣ್ಣಾಕ ಹೆದರಬಾರದು ಅಂತ," ಎಂದು ನಕ್ಕ. ಗಾಡಿ ಹೇಗಿದೆ ಎಂದು ಕೇಳಿದೆ. ಏರು ಹತ್ತುತ್ತಿದೆ, ಗಾಲಿಗೆ ನೀರು ಬೀಳುತ್ತಿದೆ ಎಂದ.

ಮೊಸರು ಬೇರೆ ಪಾತ್ರೆಗೆ ಹಾಕಿ ಡಬ್ಬಿಯನ್ನು ನಾನೇ ಬಚ್ಚಲಿಗೆ ಒಯ್ದು ತೊಳೆದೆ. ಹೆಂಡತಿ ನಗುತ್ತ ಬಟ್ಟೆ ತಂದಳು, ಒರೆಸಲಿಕ್ಕೆ. ಬೇಡ ಎಂದೆ. ಡಬ್ಬಿ, ಟಾಕಿ, ಪೈಪು ಎಲ್ಲದರಿಂದ ನೀರಿನ ಕೊನೆಯ ಹನಿಯನ್ನೂ ಓಡಿಸುವುದೇ ನನ್ನ ಜೀವಮಾನದ ಕೆಲಸವಾಗಿತ್ತು. ಅವತ್ತು ನಲ್ಲಿ ಬಿಟ್ಟು, ಅಂಗೈ ಒಡ್ಡಿ, ಒಂದು ಅಂಗೈ ನೀರನ್ನು ಆ ಡಬ್ಬಿಗೆ ಬಿಟ್ಟು, ಮುಚ್ಚಳ ಹಾಕಿ ವಿಠೂನ ಕೈಗೆ ಕೊಟ್ಟೆ.